ಗುಂಡಿಯ ಹಿಂಬದಿ

ಅಂಗಿಯ ಎರಡು ಅಂಚುಗಳನ್ನು ಕೂಡಿಸಿ ಹಿಡಿಯುವುದಷ್ಟೇ ಗುಂಡಿಯ ಕೆಲಸವಾಗಿದ್ದರೆ ಅದನ್ನು ಕುರಿತು ಬರೆಯುವ ಪ್ರಸಂಗವೇ ಒದಗುತ್ತಿರಲಿಲ್ಲ. ಆ ಕೆಲಸಕ್ಕೆ ಒಂದು ಕಸೆ ಸಾಕು. ಮಠದಲ್ಲಿ ನನಗೆ ಪಾಠ ಹೇಳಿದ ಗುರುಗಳು ಜೀವಮಾನವೆಲ್ಲ ಕಸೆಯ ನಿಲುವಂಗಿಯನ್ನೇ ತೊಟ್ಟವರು. ಕಾಜ, ಗುಂಡಿಗಳ ಗೊಡವೆ ಅವರಿಗಿರಲಿಲ್ಲ. ಆ ವಾತಾವರಣದಲ್ಲಿ ಬೆಳೆದುದರಿಂದಲೋ ಏನೋ, ಹಳೆಯ ಕಾಲದ ಅಲಂಕಾರದ ಗುಂಡಿಯೊಂದನ್ನು ಕಂಡರೆ ನನಗೆ ಇಂದಿಗೂ ಬೆರಗು. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಮನುಷ್ಯನು ಇಷ್ಟೊಂದು ಶ್ರಮವನ್ನು ಏಕೆ ಸುರಿದನು?

ಅಚ್ಚರಿಯ ಮಾತೆಂದರೆ, ಹೆಸರಾದ ಹಳೆಯ ಗುಂಡಿಗಳಲ್ಲಿ ಅನೇಕವು ಬೆಲೆಬಾಳುವ ದ್ರವ್ಯದಿಂದ ಆದವುಗಳಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತ ಗಂಡಸರ ಕೋಟಿನ ಮೇಲೆ ವಜ್ರದಂತೆ ಮಿನುಗುತ್ತಿದ್ದುದು ಉಕ್ಕು. ಬರ್ಮಿಂಗ್‌ಹ್ಯಾಮಿನ ಸಮೀಪ ಸೋಹೋ ಎಂಬಲ್ಲಿ ಮ್ಯಾಥ್ಯೂ ಬೌಲ್ಟನ್ ಎಂಬಾತನ ಕಾರ್ಖಾನೆ ಇಂತಹ ಗುಂಡಿಗಳಿಗೆ ಪ್ರಸಿದ್ಧವಾಗಿತ್ತು. 1775ರಲ್ಲಿ ಜೇಮ್ಸ್ ವ್ಯಾಟನ ಉಗಿಯಂತ್ರಕ್ಕೆ ಪಾಲುದಾರನಾದವನು ಇವನೇ. ಉಕ್ಕಿನ ಒಂದೊಂದು ಮಣಿಗೂ ಮುಖಗಳನ್ನು ಕೊರೆದು, ಮೆರುಗು ಕೊಟ್ಟು, ತಳದ ತಗಡಿಗೆ ಪ್ರತ್ಯೇಕವಾಗಿ ಬಡಿದು ಕೂರಿಸುತ್ತಿದ್ದರು. ಮುಂದೆ ಇಡೀ ಗುಂಡಿಯನ್ನು ಒಂದೇ ಅಚ್ಚಿನಲ್ಲಿ ಒತ್ತಿ ತೆಗೆಯುವ ರೀತಿ ಬಂದಿತು. ಮುಂಬದಿಯಿಂದ ಎರಡೂ ಒಂದೇ. ಮಗುಚಿ ನೋಡಿದರೆ ಮಾತ್ರ, ಕೈಕೆಲಸದ ಗುಂಡಿಯ ಬೆನ್ನಿನಲ್ಲಿ ಮೊಳೆಗಳ ಸಾಲು ಕಾಣುತ್ತದೆ.

1861ರಲ್ಲಿ ಪತಿಯನ್ನು ಕಳೆದುಕೊಂಡ ವಿಕ್ಟೋರಿಯಾ ರಾಣಿಯು ದೀರ್ಘಶೋಕವನ್ನು ಆಚರಿಸಿದಾಗ ಕಪ್ಪು ಗುಂಡಿಗಳಿಗೆ ಬೇಡಿಕೆ ಹೆಚ್ಚಿತು. ವಿಟ್ಬಿ ಎಂಬ ಕಡಲೂರಿನಲ್ಲಿ ದೊರೆಯುವ ಜೆಟ್ ಎಂಬ ಕಪ್ಪು ವಸ್ತುವಿನಿಂದ ಅವನ್ನು ಕೊರೆಯುತ್ತಿದ್ದರು. ಅದು ಕಲ್ಲಲ್ಲ, ಯುಗಾಂತರಗಳ ಹಿಂದೆ ಮಣ್ಣಿನಲ್ಲಿ ಹೂತು ಮಾರ್ಪಟ್ಟ ಮರ. ಅದರ ಹೆಸರಿನಲ್ಲಿ ಮಾರಾಟವಾದ ಬಹುಪಾಲು ಗುಂಡಿಗಳು ವಾಸ್ತವವಾಗಿ ಕಪ್ಪು ಗಾಜು. ಗಾಜು ಕೈಗೆ ತಣ್ಣಗೆ, ಭಾರ. ಜೆಟ್ ಹಗುರ, ಬೆಚ್ಚಗೆ.

ಕಪ್ಪನ್ನೇ ಚೆಲುವಾಗಿಸಿದ ಗುಂಡಿ ನಮ್ಮ ನಾಡಿನಲ್ಲಿಯೂ ಉಂಟು. ಬೀದರ ಸೀಮೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿನ ಅಧಿಕಾರಿಗಳಿಗೂ ಪ್ರತಿಷ್ಠಿತರಿಗೂ ಶೇರವಾನಿಯೇ ಗೌರವದ ಉಡುಪು. ಅದಕ್ಕೆ ಬಿದರಿ ಕೆಲಸದ ಗುಂಡಿ ಬಲು ಒಪ್ಪುತ್ತಿತ್ತು. ಒಗೆತದ ಕಾಲಕ್ಕೆ ಬಿಚ್ಚಿಡಲು ಬರುವಂತೆ ಇಂತಹ ಗುಂಡಿಗಳ ಹಿಂದೆ ಕೊಂಡಿ, ಬಳೆಗಳನ್ನಿರಿಸುತ್ತಿದ್ದರು.

ಬಿದರಿಯ ಒಡಲು ಸತು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಎರಕ ಹೊಯ್ದು, ಅರದಿಂದ ನಯಗೊಳಿಸಿ, ಮೈಲುತುತ್ತದ ನೀರನ್ನು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಚಿತ್ತಾರದ ಗೆರೆ ಎದ್ದು ಕಾಣಲೆಂದು. ಬಳಿಕ ಚಾಣದಿಂದ ಕೊರೆದ ಸಂದುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಅಂಟಿಲ್ಲ, ಬೆಸುಗೆಯಿಲ್ಲ. ಪುನಃ ತಿಕ್ಕಿದಾಗ ಬೆಳ್ಳಿ, ಸತುಗಳೆರಡೂ ಬಿಳಿಯಾಗಿ ಚಿತ್ತಾರವೇ ಅಳಿಸಿಹೋದಂತಾಗುತ್ತದೆ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನ ಸಂಸ್ಕಾರ. ಒಡಲು ಕಾಡಿಗೆಯಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಸರಿಯಾದ ಮಣ್ಣನ್ನು ಕುಶಲಿಗಳು ನಾಲಿಗೆಗಿಟ್ಟು ಗುರುತಿಸುತ್ತಾರೆ. ಯಾವ ಗ್ರಂಥದಲ್ಲಿಯೂ ಈ ವಿದ್ಯೆ ಸಿಕ್ಕಲಾರದು. ಗ್ರಂಥಗಳ ನಡುವೆಯೇ ಆಯುಷ್ಯ ಕಳೆದ ನಾನು ಇದನ್ನು ಸಂತೋಷದಿಂದಲೇ ಹೇಳುತ್ತೇನೆ.

ನನ್ನ ಪರಿಚಯದ ಗೃಹಸ್ಥರೊಬ್ಬರ ಮನೆಯಲ್ಲಿ ಅಜ್ಜನ ಶೇರವಾನಿಯ ಇಂತಹ ಐದು ಗುಂಡಿಗಳಿದ್ದುವು. ಒಂದು ಕಳೆದುಹೋಗಿತ್ತು. ಉಳಿದ ನಾಲ್ಕನ್ನು ದೀಪಾವಳಿಯ ಪಾತ್ರೆಗಳೊಡನೆ ಯಾರೋ ಹುಣಿಸೆಹಣ್ಣು ಹಚ್ಚಿ ತಿಕ್ಕಿ ತೊಳೆದಿದ್ದರು. ಕಪ್ಪು ಹೋಗಿ ಬೂದಿಬಣ್ಣಕ್ಕೆ ತಿರುಗಿದ್ದುವು. ಸರಾಫರು ಕೈಯಲ್ಲಿ ತೂಗಿನೋಡಿ, ಇದರಲ್ಲಿ ಬೆಳ್ಳಿಯೇ ಇಲ್ಲವೆಂಬಷ್ಟಿದೆ, ಮೋಡ್ಕಾದವನಿಗೆ ಹಾಕಿರಿ ಎಂದರಂತೆ. ಸರಾಫರದು ತೂಕದ ಲೆಕ್ಕ. ಅವರ ಮಾತು ಸುಳ್ಳಲ್ಲ. ಆದರೆ ಮನೆಯ ಹಿರಿಯ ಅಕ್ಕನವರು ಹಾಕಗೊಡಲಿಲ್ಲ. ಅಜ್ಜನ ಕೊರಳ ಕೆಳಗೆ ಮೊದಲನೆಯ ಗುಂಡಿಯನ್ನು ಹಾಕಿಕೊಡುತ್ತಿದ್ದುದು ಚಿಕ್ಕಂದಿನಲ್ಲಿ ಅವರದೇ ಕೆಲಸವಾಗಿತ್ತು.

2023ರಲ್ಲಿ ಬೀದರಿನ ಬಿದರಿ ಕುಶಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದ ವಾರ್ತೆಯನ್ನು ಓದಿದಾಗ ಮನೆಯವರಿಗೆ ಆ ಗುಂಡಿಗಳ ನೆನಪಾಯಿತು. ಬೀದರಿಗೆ ಒಯ್ದು ಓಣಿಯ ಕುಶಲಿಯೊಬ್ಬರಿಗೆ ಕೊಟ್ಟರು. ಅವರು ನಾಲ್ಕಕ್ಕೂ ಮತ್ತೆ ಕಪ್ಪೇರಿಸಿ, ಅದೇ ಬಳ್ಳಿಯ ಚಿತ್ತಾರದಲ್ಲಿ ಐದನೆಯದೊಂದನ್ನು ಮಾಡಿಕೊಟ್ಟರು. ಹುಳಿ, ಬೂದಿ ಸೋಕಿಸಕೂಡದು, ಎಣ್ಣೆಯ ಪಸೆಯಿರುವ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು ಎಂದೂ ತಿಳಿಸಿದರು.

ಅಕ್ಕನವರು ಐದನ್ನೂ ನನ್ನ ಮುಂದಿರಿಸಿ, ಹೊಸದು ಯಾವುದು ಹೇಳಿರಿ ಎಂದರು. ಬಹಳ ಹೊತ್ತು ನೋಡಿದರೂ ಹೇಳಲಾಗಲಿಲ್ಲ. ಅವರು ನಗುತ್ತ ಒಂದೊಂದನ್ನೇ ಮಗುಚಿದರು. ನಾಲ್ಕರ ಕೊಂಡಿಗಳು ಸವೆದು ತೆಳ್ಳಗಾಗಿದ್ದುವು.