ಮೂಕ ತೆರೆಯ ಮೇಲೆ ಗುಬ್ಬಿಯ ಗಾಯಕಿ

ಬೆಂಗಳೂರಿನಿಂದ ಹೊರಟ ಹೆದ್ದಾರಿ ತುಮಕೂರನ್ನು ಹಾಯ್ದು ಶಿರಾದ ಕಡೆಗೆ ಸಾಗುವಲ್ಲಿ ಅಂತರಸನಹಳ್ಳಿ ಎದುರಾಗುತ್ತದೆ. ಹೆಸರಿಗೆ ಹಳ್ಳಿಯಾದರೂ ಇಂದು ಅದು ನಗರದ ಅಂಚು. ಒಂದೆಡೆ ಕಾರ್ಖಾನೆಗಳ ಸಾಲು, ಇನ್ನೊಂದೆಡೆ ಹೆಸರಾಂತ ತರಕಾರಿ ಮಾರುಕಟ್ಟೆ. ಸುತ್ತಣ ಹಳ್ಳಿಗಳ ಬೆಳೆಯೆಲ್ಲ ಇಲ್ಲಿಗೆ ಬಂದು ಸೇರುತ್ತದೆ. ಕೂಗಿ ಬೆಲೆ ಕಟ್ಟುವವರ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸದು.

ಈ ಸೀಮೆಯ ಜನ ಒಂದು ಕಾಲಕ್ಕೆ ಬೇರೊಂದು ಬಗೆಯ ಸರಕಿಗಾಗಿ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಅದು ನಾಟಕ. ಆ ಸರಕಿನ ತವರನ್ನು ಕಾಣಬೇಕೆನ್ನುವ ಪ್ರವಾಸಿಗನು ಅಂತರಸನಹಳ್ಳಿಯಿಂದ ತುಮಕೂರಿನೊಳಕ್ಕೆ ಬಂದು ಪಶ್ಚಿಮದ ಹಾದಿಯನ್ನು ಹಿಡಿಯಬೇಕು. ತೆಂಗು ಅಡಕೆಗಳ ತೋಟಗಳ ನಡುವೆ ಸುಮಾರು 20 ಕಿಲೋಮೀಟರು ಸಾಗಿದರೆ ಗುಬ್ಬಿ ಸಿಗುತ್ತದೆ.

ಪುಟ್ಟ ಹಕ್ಕಿಯ ಹೆಸರನ್ನು ಹೊತ್ತ ಈ ಊರು ಕನ್ನಡ ನಾಡಿಗೆಲ್ಲ ಪರಿಚಿತವಾದುದು ತನ್ನ ನಾಟಕ ಮಂಡಳಿಯಿಂದ. 1884ರಲ್ಲಿ, ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದ ವರ್ಷದಲ್ಲಿಯೇ, ಇಲ್ಲಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಹುಟ್ಟಿತು. ಬಾಲಕನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾದರು; ಊರಿನ ಹೆಸರೇ ಅವರ ಹೆಸರಾಯಿತು. ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದು ನಿಲ್ಲಿಸಿದ 'ಕುರುಕ್ಷೇತ್ರ'ದ ವೈಭವವನ್ನು ಅರಿಯದ ಹಿರಿಯರು ವಿರಳ. ಆದರೆ ವೀರಣ್ಣನವರು ಮಾಡಿದ ಇನ್ನೊಂದು ಸಾಹಸ ಆನೆಯನ್ನು ಹತ್ತಿಸಿದ್ದಕ್ಕಿಂತಲೂ ದೊಡ್ಡದು. ಗಂಡಸರೇ ಸೀರೆಯುಟ್ಟು ದ್ರೌಪದಿ ದಮಯಂತಿಯರಾಗುತ್ತಿದ್ದ ರಂಗಕ್ಕೆ ಅವರು ಸ್ತ್ರೀಯರನ್ನು ಕರೆತಂದರು. ಹಾಗೆ ಬಂದವರಲ್ಲಿ ಶ್ರೀಮತಿ ಬಿ. ಜಯಮ್ಮನವರು ಒಬ್ಬರು.

1915ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜಯಮ್ಮನವರು ಎಳೆಯ ವಯಸ್ಸಿನಲ್ಲಿಯೇ ಗುಬ್ಬಿ ಕಂಪನಿಯನ್ನು ಸೇರಿದರು. ಮುಂದೆ ವೀರಣ್ಣನವರ ಕೈಹಿಡಿದು ಕಂಪನಿಯ ಸುಖದುಃಖಗಳಿಗೂ ಪಾಲುದಾರರಾದರು. ನಾಟಕದ ಹೆಣ್ಣೆಂದರೆ ಮೂಗು ಮುರಿಯುತ್ತಿದ್ದ ಕಾಲ ಅದು. ಟಿಕೆಟ್ಟು ಕೊಂಡು ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದವರೇ ಮರುದಿನ ಆಕೆಯನ್ನು ಮನೆಯ ಹೊಸಿಲು ದಾಟಿಸಲು ಹಿಂಜರಿಯುತ್ತಿದ್ದರು. ಅಂಥ ಕಾಲದಲ್ಲಿ ನಟಿಗೆ ಇದ್ದ ರಕ್ಷೆ ಎರಡೇ: ಕಂಪನಿಯ ಶಿಸ್ತು ಮತ್ತು ತನ್ನ ಕಂಠ. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಕೊನೆಯ ಸಾಲಿನ ನೆಲದ ಮೇಲೆ ಕುಳಿತವನಿಗೂ ಹಾಡು ಮುಟ್ಟಬೇಕಾಗಿತ್ತು. ಮುಟ್ಟಿದರೆ 'ಒನ್ಸ್ ಮೋರ್' ಎಂಬ ಕೂಗು; ಇಲ್ಲವಾದರೆ ನಾಟಕವೇ ಸೋತಂತೆ. ಜಯಮ್ಮನವರು ಗೆದ್ದದ್ದು ಈ ಪರೀಕ್ಷೆಯಲ್ಲಿ.

ಅಂಥ ಕಂಠದ ಹೆಣ್ಣುಮಗಳು ಮಾತೇ ಇಲ್ಲದ ಚಿತ್ರಗಳಿಗೆ ನಾಯಕಿಯಾದುದು ಕಾಲದ ಒಂದು ವಿನೋದವೆಂದೇ ಹೇಳಬೇಕು.

ಆಗ ಬೆಂಗಳೂರಿಗೆ ಮೂಕಿ ಚಿತ್ರದ ಗಾಳಿ ಬೀಸಿತ್ತು. 1929ರಲ್ಲಿ ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿ ಅಲ್ಲಿ ತಲೆಯೆತ್ತಿತು. ಮೋಹನ ಭವನಾನಿಯವರು ಶೂದ್ರಕನ 'ಮೃಚ್ಛಕಟಿಕ'ವನ್ನು 'ವಸಂತಸೇನಾ' ಎಂಬ ಮೂಕಿಯಾಗಿಸಿದಾಗ ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಟಿ. ಪಿ. ಕೈಲಾಸಂ ಮೊದಲಾದವರು ಬಣ್ಣ ಹಚ್ಚಿದರು. ಓದು ಬಲ್ಲ ಮನೆತನಗಳ ಹೆಣ್ಣುಮಕ್ಕಳು ಕ್ಯಾಮರಾದ ಎದುರು ನಿಂತದ್ದು ಅಂದು ದೊಡ್ಡ ಸುದ್ದಿ. ಗುಬ್ಬಿಯ ವೀರಣ್ಣನವರು ಸುಮ್ಮನಿರುವರೆ? ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಕಟ್ಟಿ ಅವರೂ ಚಿತ್ರ ತಯಾರಿಕೆಗೆ ಇಳಿದರು. ಬೆಲ್ಜಿಯಂ ದೇಶದ ರಾಫೆಲ್ ಆಲ್ಗೋಯೆಟ್ ನಿರ್ದೇಶಿಸಿದ 'ಹಿಸ್ ಲವ್ ಅಫೇರ್', ವೈ. ವಿ. ರಾವ್ ನಿರ್ದೇಶಿಸಿದ 'ಹರಿಮಾಯಾ' ಹೀಗೆ ಬಂದ ಚಿತ್ರಗಳು. ಎರಡರಲ್ಲಿಯೂ ಜಯಮ್ಮನವರು ನಟಿಸಿದರು. ಆಗ ಅವರಿಗೆ ಹದಿನಾರು ಹದಿನೇಳರ ಪ್ರಾಯ.

ಮೂಕಿಯ ನಟನೆ ರಂಗದ ನಟನೆಯಂತಲ್ಲ. ದೂರದ ಪ್ರೇಕ್ಷಕನಿಗೆ ಕಾಣಲೆಂದು ರಂಗದ ಮೇಲೆ ಕೈಯನ್ನು ಅಗಲವಾಗಿ ಬೀಸಬೇಕು. ಕಣ್ಣನ್ನು ದೊಡ್ಡದಾಗಿ ತೆರೆಯಬೇಕು. ಕ್ಯಾಮರಾದ ಮುಂದೆ ಅದೇ ಬೀಸು ಅತಿಯಾಗಿ ಕಾಣುತ್ತದೆ. ಅಲ್ಲಿ ಸೂರ್ಯನೇ ದೀಪ. ಹೊಳೆಯುವ ಹಲಗೆಗಳಿಂದ ಬಿಸಿಲನ್ನು ಮುಖಕ್ಕೆ ತಿರುಗಿಸುತ್ತಿದ್ದರು. ಕಣ್ಣು ಕೋರೈಸುವ ಬೆಳಕಿನಲ್ಲಿ ರೆಪ್ಪೆ ಮಿಟುಕಿಸದೆ ಅಳಬೇಕು, ನಗಬೇಕು. ಮೋಡ ಕವಿದರೆ ಕೆಲಸ ನಿಂತಿತು. ಕತೆಯೂ ಕ್ರಮವಾಗಿ ನಡೆಯದು; ಮೊದಲು ಮರಣ, ಆಮೇಲೆ ಮದುವೆ! ಎದುರಿಗೆ ಪ್ರೇಕ್ಷಕರಿಲ್ಲ, ಚಪ್ಪಾಳೆಯಿಲ್ಲ, 'ಒನ್ಸ್ ಮೋರ್' ಇಲ್ಲ.

ಚಿತ್ರ ಊರಿಗೆ ಬಂದಾಗ ತೆರೆಯ ಪಕ್ಕದಲ್ಲಿ ಹಾರ್ಮೋನಿಯಂ ತಬಲದವರು ಕುಳಿತು ನುಡಿಸುವರು. ನಡುನಡುವೆ ಮೂಡುವ ಬರಹದ ಫಲಕಗಳನ್ನು ಒಬ್ಬಾತ ಗಟ್ಟಿಯಾಗಿ ಓದಿ ಹೇಳುವನು. ನಾಯಕಿಯ ತುಟಿ ಅಲುಗುತ್ತಿತ್ತು. ಕೇಳಿಸುತ್ತಿದ್ದುದು ಮತ್ತೊಬ್ಬರ ದನಿ.

ಮೂಕಿಯ ಆಯುಷ್ಯ ಬಹಳ ದಿನ ಉಳಿಯಲಿಲ್ಲ. 1931ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ 'ಆಲಂ ಆರಾ' ಮಾತನಾಡಿತು. 1934ರಲ್ಲಿ ವೈ. ವಿ. ರಾಯರೇ ನಿರ್ದೇಶಿಸಿದ 'ಸತಿ ಸುಲೋಚನಾ' ಕನ್ನಡವನ್ನು ನುಡಿಯಿತು. ದೇಶದ ಅನೇಕ ಮೂಕಿ ತಾರೆಯರಿಗೆ ಇದು ಸಿಡಿಲಿನಂತೆ ಎರಗಿತು. ಚೆಲುವಿತ್ತು, ಭಾಷೆ ಬಾರದು. ಭಾಷೆ ಬಂದರೆ ಹಾಡು ಬಾರದು. ಜಯಮ್ಮನವರಿಗಾದರೋ ವಾಕ್ಚಿತ್ರವು ಕಟ್ಟಿದ್ದ ಬಾಯಿಯನ್ನು ಬಿಚ್ಚಿದಂತಾಯಿತು. ಗುಬ್ಬಿಯ ರಂಗ ಕಲಿಸಿದ ಶುದ್ಧ ಉಚ್ಚಾರ, ಪಳಗಿದ ಕಂಠ ಎರಡೂ ಆಗ ಬೆಲೆಗೆ ಬಂದವು. 1941ರ 'ಸುಭದ್ರಾ', 1942ರ 'ಜೀವನ ನಾಟಕ', 1945ರ 'ಹೇಮರೆಡ್ಡಿ ಮಲ್ಲಮ್ಮ', 1953ರ 'ಗುಣಸಾಗರಿ' ಅವರ ಕೀರ್ತಿಯನ್ನು ಬೆಳೆಸಿದವು. ಅತ್ತೆಯ ಮನೆಯ ಕಷ್ಟವನ್ನು ಭಕ್ತಿಯಿಂದ ಗೆದ್ದ ಮಲ್ಲಮ್ಮನಾಗಿ ಅವರು ಕನ್ನಡ ಗೃಹಿಣಿಯರಿಗೆ ಹತ್ತಿರವಾದರು. ತೆಲುಗಿನ 'ಸ್ವರ್ಗಸೀಮ'ದಲ್ಲಿ ನಾಗಯ್ಯನವರ ಪತ್ನಿಯ ಪಾತ್ರ ಅವರ ಹೆಸರನ್ನು ನಾಡಿನ ಗಡಿಯಾಚೆಗೂ ಒಯ್ದಿತು. ನಟಿಯನ್ನು ಹೊಸಿಲ ಹೊರಗೇ ನಿಲ್ಲಿಸಿದ್ದ ಮನೆಗಳಲ್ಲಿ ಅವರ ಮಾತು ಮನೆಮಾತಾಯಿತು.

1988ರ ಡಿಸೆಂಬರಿನಲ್ಲಿ ಜಯಮ್ಮನವರು ತೀರಿಕೊಂಡರು. ವೀರಣ್ಣನವರು 1972ರಲ್ಲಿಯೇ ಅಗಲಿದ್ದರು. ಅವರ ಮೊಮ್ಮಗಳು, ಹೆಸರಾಂತ ರಂಗಕಲಾವಿದೆ ಬಿ. ಜಯಶ್ರೀ 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ನಾಟಕದ ಹೆಣ್ಣಿಗೆ ಮನೆಯ ಬಾಗಿಲು ತೆರೆಯದ ಕಾಲದಿಂದ ಸಂಸತ್ತಿನ ಬಾಗಿಲು ತೆರೆದ ಕಾಲದವರೆಗಿನ ಹಾದಿಯನ್ನು ಸವೆಸಿದವರಲ್ಲಿ ಜಯಮ್ಮನವರ ಹೆಜ್ಜೆಗಳೂ ಇವೆ.

ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಆ ಕಾಲದ ಫಿಲ್ಮು ಬೇಗನೆ ಬೆಂಕಿ ಹಿಡಿಯುವಂಥದು, ತೇವಕ್ಕೆ ಕೊಳೆಯುವಂಥದು. ಆಟ ಮುಗಿದ ಚಿತ್ರವನ್ನು ಕಾಪಿಡಬೇಕೆಂಬ ಎಚ್ಚರವೂ ಆಗ ಇರಲಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ತೆರೆದದ್ದು 1964ರಲ್ಲಿ. ಅಷ್ಟರಲ್ಲಿ ಬಹುಪಾಲು ಬೂದಿಯಾಗಿತ್ತು. ರಂಗದ ಹಾಡು ಆ ರಾತ್ರಿಯೊಡನೆ ಮುಗಿಯುತ್ತದೆಂಬುದು ನಟಿಗೆ ತಿಳಿದಿತ್ತು. ಉಳಿಯುತ್ತದೆಂದು ನಂಬಿದ್ದ ಚಿತ್ರವೂ ರಂಗದ ಹಾಡಿನ ದಾರಿಯನ್ನೇ ಹಿಡಿಯಿತು.

ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ರಂಗಕರ್ಮಿಗಳಿಗೆ ಸರ್ಕಾರ ನೀಡುವ ಪ್ರಶಸ್ತಿಯೂ ಅವರ ಹೆಸರಿನಲ್ಲಿದೆ. ಉಚಿತವೇ ಸರಿ. ಆದರೆ ಅಂತರಸನಹಳ್ಳಿಯ ಸಂತೆಯ ಗದ್ದಲವನ್ನು ದಾಟಿ ಗುಬ್ಬಿಯ ಹಾದಿ ಹಿಡಿದವರು, ಊರಿನ ಹೆಸರು ಕಣ್ಣಿಗೆ ಬಿದ್ದಾಗ, ಮಾತಿಲ್ಲದ ತೆರೆಯ ಮೇಲೆ ತನ್ನ ಕಂಠವನ್ನು ಬದಿಗಿಟ್ಟು ಬರಿಯ ಕಣ್ಣಿನಿಂದ ಕತೆ ಹೇಳಿದ ಆ ಹುಡುಗಿಯನ್ನೂ ಒಮ್ಮೆ ನೆನೆಯುವುದು ನ್ಯಾಯ.