ಹೃದಯಕ್ಕೊಂದು ಕೋಡಿ

ವ್ಯಾಕರಣ ಛಂದಸ್ಸುಗಳನ್ನು ಬೋಧಿಸುತ್ತ ಬಂದ ಪಂಡಿತನಿಗೆ ಶಸ್ತ್ರವೈದ್ಯದ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಬಹುದು. ನನ್ನ ಅಕ್ಕನ ಮಗಳಿಗೆ ಪ್ರಾಪ್ತವಾದ ವ್ಯಾಧಿಯು ನನ್ನನ್ನು ಆ ಶಾಸ್ತ್ರದ ಬಾಗಿಲಿಗೆ ಎಳೆದೊಯ್ದಿತು. ನಾಲ್ಕು ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು; ಒಮ್ಮೆ ಮೂರ್ಛೆಯೂ ಬಂದಿತು. ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ರಕ್ತದೊತ್ತಡ ಸರಿಯಾಗಿಯೇ ಇತ್ತು. ರಕ್ತಹೀನತೆಯೆಂದು ಬಗೆದು ಒಬ್ಬ ವೈದ್ಯರು ವರ್ಷವಿಡೀ ಕಬ್ಬಿಣದ ಮಾತ್ರೆ ನುಂಗಿಸಿದರು.

ಈ ಒತ್ತಡ ತೋಳಿನಲ್ಲಿ ಕಾಣತಕ್ಕದ್ದಲ್ಲ. ಹೃದಯದ ಬಲಭಾಗದಿಂದ ಶ್ವಾಸಕೋಶಗಳಿಗೆ ರಕ್ತವನ್ನೊಯ್ಯುವ ಧಮನಿಗಳು ಒಳಗೊಳಗೇ ದಪ್ಪಗಟ್ಟಿ ಕಿರಿದಾಗುತ್ತವೆ. ಆರೋಗ್ಯವಂತರಲ್ಲಿ ಅಲ್ಲಿನ ಸರಾಸರಿ ಒತ್ತಡ ಪಾದರಸದ ಸುಮಾರು 14 ಮಿಲಿಮೀಟರು. 20ನ್ನು ಮೀರಿದರೆ ಅಧಿಕವೆಂದು ಲೆಕ್ಕ. ಕೆಥೀಟರ್ ಎಂಬ ಸಣ್ಣ ನಳಿಕೆಯನ್ನು ಹೃದಯದವರೆಗೆ ತೂರಿಸಿ ಅಳೆದಾಗ ನಮ್ಮ ಹುಡುಗಿಯದು 60ನ್ನು ದಾಟಿತ್ತು. ಔಷಧಗಳು ಕೆಲಕಾಲ ಹಿಡಿದು ನಿಲ್ಲಿಸಿದವು, ಆಮೇಲೆ ಸೋತವು.

ಆಗ ವೈದ್ಯರು ಹೃದಯದ ಮೇಲಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ಒಂದು ರಂಧ್ರ ಮಾಡುವ ಮಾತೆತ್ತಿದರು. "ತೂತಿದ್ದರೆ ಮುಚ್ಚುತ್ತಾರೆಂದು ಕೇಳಿದ್ದೆ, ಇವರು ತೂತು ಮಾಡುತ್ತೇವೆ ಅಂತಾರಲ್ಲೋ ತಮ್ಮಾ!" ಎಂದು ಅಕ್ಕ ಕಂಗಾಲಾದಳು. ನಮ್ಮೂರಿನ ಕೆರೆಯನ್ನು ನೆನೆಯಲು ಹೇಳಿದೆ. ಕೋಡಿ ಹರಿದರೆ ನೀರು ನಷ್ಟವೇ ಸರಿ. ಆದರೆ ಕೋಡಿಯಿಲ್ಲದ ಕೆರೆ ಏರಿಯನ್ನೇ ಒಡೆದುಕೊಳ್ಳುತ್ತದೆ. ಬಲಗೋಣೆಯ ರಕ್ತ ಶುದ್ಧಿಯಾಗದೆಯೇ ಎಡಕ್ಕೆ ಹರಿಯುತ್ತದೆ. ಮೈಯಲ್ಲಿ ಪ್ರಾಣವಾಯು ಕಡಿಮೆಯಾಗುತ್ತದೆ. ಆದರೆ ಬಲಹೃದಯದ ಭಾರ ಇಳಿಯುತ್ತದೆ. ಹುಟ್ಟಿನಿಂದ ಹೃದಯದಲ್ಲಿ ರಂಧ್ರವುಳ್ಳವರು ಈ ಒತ್ತಡವನ್ನು ಇತರರಿಗಿಂತ ದೀರ್ಘಕಾಲ ತಾಳಿಕೊಳ್ಳುವುದನ್ನು ಕಂಡೇ ವೈದ್ಯರಿಗೆ ಈ ಉಪಾಯ ಹೊಳೆದದ್ದಂತೆ. 1966ರಲ್ಲಿ ವಿಲಿಯಂ ರ‍್ಯಾಶ್‌ಕಿಂಡ್ ಎಂಬುವರು ನೀಲಿಗಟ್ಟಿದ ನವಜಾತ ಶಿಶುಗಳಿಗಾಗಿ ಬಲೂನಿನಿಂದ ಇಂಥ ದಾರಿ ಮಾಡಿದ್ದರು. ಈ ರೋಗಕ್ಕೆ ಅದನ್ನು ಬಳಸಿದ ವರದಿ 1983ರದು. ಎದೆ ಸೀಳಬೇಕಾಗಿಲ್ಲ, ತೊಡೆಯ ಸಂದಿನ ರಕ್ತನಾಳದಿಂದ ಹೋಗಿ, ಗೋಡೆಯನ್ನು ಸೂಜಿಯಿಂದ ಚುಚ್ಚಿ, ಬಲೂನಿನಿಂದ ಮೆಲ್ಲಮೆಲ್ಲನೆ ಅಗಲಿಸುತ್ತಾರೆ. ಆದರೆ ಬಲಗೋಣೆಯ ಒತ್ತಡ 20ನ್ನು ಮೀರಿದವರಿಗೆ, ವಿಶ್ರಾಂತಿಯಲ್ಲೂ ರಕ್ತದ ಆಮ್ಲಜನಕ ಶೇಕಡ 85ಕ್ಕಿಂತ ಇಳಿದವರಿಗೆ ಇದು ಮೃತ್ಯುಸಮಾನ. ಏರಿ ಬಿರುಕು ಬಿಟ್ಟ ಮೇಲೆ ಕೋಡಿ ಕಡಿಯಲಾಗದು.

ಮಕ್ಕಳಿಗೆ ಇನ್ನೊಂದು ಮಾರ್ಗವುಂಟು. 1946ರಲ್ಲಿ ಷಿಕಾಗೋದ ವಿಲ್ಲಿಸ್ ಪಾಟ್ಸ್ ಎಂಬ ಶಸ್ತ್ರವೈದ್ಯರು ಮಹಾಧಮನಿಯನ್ನು ಎಡ ಶ್ವಾಸಕೋಶದ ಧಮನಿಗೆ ಕೂಡಿಸಿ ಶ್ವಾಸಕೋಶಕ್ಕೆ ಹೆಚ್ಚು ರಕ್ತವನ್ನು ತಂದರು. 2004ರಲ್ಲಿ ಪ್ಯಾರಿಸ್ಸಿನ ವೈದ್ಯರು ಅದೇ ಜೋಡಣೆಯನ್ನು ಈ ರೋಗದ ಇಬ್ಬರು ಮಕ್ಕಳಲ್ಲಿ ಮಾಡಿದುದನ್ನು ಪ್ರಕಟಿಸಿದರು. ಇಲ್ಲಿ ರಕ್ತ ಹರಿಯುವುದು ಶ್ವಾಸಕೋಶದಿಂದ ಆಚೆಗೆ. ಸಂಧಿ ಒಂದೇ, ಅರ್ಥ ವಿಪರೀತ! ಅಶುದ್ಧ ರಕ್ತ ಕಾಲುಗಳ ಕಡೆಗೆ ಹೋಗುವುದರಿಂದ ಮಿದುಳಿಗೂ ಹೃದಯಕ್ಕೂ ಶುದ್ಧವಾದುದೇ ದೊರೆಯುತ್ತದೆ.

ಕಟ್ಟಕಡೆಯದು ಕಸಿ. 1981ರ ಮಾರ್ಚಿಯಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬ್ರೂಸ್ ರೈಟ್ಜ್ ಅವರು ಹೃದಯ ಶ್ವಾಸಕೋಶಗಳೆರಡನ್ನೂ ಕೂಡಿಯೇ ಬದಲಿಸಿದ ಮಹಿಳೆಗೆ ಇದ್ದುದೂ ಇದೇ ರೋಗ. ಆಕೆ ಮುಂದೆ ಐದು ವರ್ಷ ಬದುಕಿದರು. ಈಗ ಬಹುಪಾಲು ರೋಗಿಗಳಿಗೆ ಎರಡು ಶ್ವಾಸಕೋಶಗಳೇ ಸಾಕು. ಭಾರವಿಳಿದ ಹೃದಯ ತಾನಾಗಿ ಚೇತರಿಸಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಅಂಗದಾನದ ವ್ಯವಸ್ಥೆಗೆ 'ಜೀವಸಾರ್ಥಕತೆ' ಎಂದು ಹೆಸರು. ಸಮಾಸ ಸೊಗಸಾಗಿದೆ. ಆದರೆ ಸಾರ್ಥಕ್ಯವೆಲ್ಲ ಕೊಟ್ಟುಹೋದವರದು. ಕಾದಿರುವವರಿಗೆ ಯಾವ ಪದವೂ ಹುಟ್ಟಿಲ್ಲ. ನಮ್ಮವಳ ಹೆಸರೂ ಆ ಪಟ್ಟಿಯಲ್ಲಿದೆ. ಸರದಿ ಬರುವವರೆಗೆ ಹೃದಯ ತಡೆಯಲೆಂದೇ ಈ ರಂಧ್ರ.

ಬರುವ ತಿಂಗಳು ದಿನ ಗೊತ್ತಾಗಿದೆ. ಸಮ್ಮತಿಪತ್ರ ಇಂಗ್ಲಿಷಿನಲ್ಲಿತ್ತು. "ಅಮ್ಮನೂ ಓದಿಯೇ ಒಪ್ಪಬೇಕು, ಕನ್ನಡಿಸಿ ಕೊಡಿ ಮಾವ. 'ಮರಣ' ಎಂದಿರುವ ಕಡೆ ಮೆತ್ತನೆಯ ಪದ ಹುಡುಕಬೇಡಿ" ಎಂದಳು. ಕನ್ನಡಿಸಿ ಕೊಟ್ಟಿದ್ದೇನೆ. ಅಕ್ಕ ಅದನ್ನು ಎರಡು ಸಲ ಓದಿ, ಮಗಳ ರುಜುವಿನ ಕೆಳಗೆ ತನ್ನ ರುಜುವನ್ನೂ ಹಾಕಿದಳು.