ಸರಣಿ ಭಾಗ 6: ತೂತು ಇದ್ರೆ ಒಂದು, ಇಲ್ಲಾಂದ್ರೆ ಸೊನ್ನೆ

ಮೊದಲ ಫೋಟೋದಲ್ಲಿ ಮಗ್ಗದ ಮೇಲೆ ನೇತಾಡ್ತಿರೋ ರಟ್ಟಿನ ಮಾಲೆ ನೋಡಿ. ಕೊಳ್ಳೇಗಾಲದವರಿಗೆ ಅದೇನೂ ಹೊಸದಲ್ಲ. ನಮ್ಮ ದೊಡ್ಡಪ್ಪನ ಮನೆ ನಡುಮನೆ ಅದು. ಟಿವಿ ಇರಬೇಕಾದ ಜಾಗದಲ್ಲಿ ರೇಷ್ಮೆ ಮಗ್ಗ ಇದೆ.

ಯಳಂದೂರಿನ ನಮ್ಮ ಅತ್ತೆ ಮಗ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಓದ್ತಿದಾನೆ. ಅವರಿಗೆ ನಾಲ್ಕು ವರ್ಷದಲ್ಲಿ 100 ಆಕ್ಟಿವಿಟಿ ಪಾಯಿಂಟ್ ಆಗಬೇಕು, ಜೊತೆಗೆ ಇಂಟರ್ನ್‌ಶಿಪ್ ಬೇರೆ. ಹೋದ ವರ್ಷ ಯಾವುದೋ ಆನ್‌ಲೈನ್ ಕಂಪನಿಗೆ 2,500 ರೂಪಾಯಿ ಕಟ್ಟಿದ್ದ. ನಾಲ್ಕು ವಿಡಿಯೋ, ಒಂದು ಕ್ವಿಜ್, ಬಂಗಾರದ ಬಣ್ಣದ ಸರ್ಟಿಫಿಕೇಟ್. ಏನ್ ಕಲಿತೆ ಅಂದ್ರೆ ನಕ್ಕುಬಿಟ್ಟ.

ಈ ರಜೆಯಲ್ಲಿ ದೊಡ್ಡಪ್ಪನಿಗೆ ಸೊಂಟ ಹಿಡ್ಕೊಂಡಿತ್ತು. ಕೈಗೆ ಆಳು ಇರಲಿಲ್ಲ. ಇವನು ಸುಮ್ಮನೆ ಬಂದವನು ಮಗ್ಗದ ಮೇಲಿನ ಜಕಾರ್ಡ್ ಪೆಟ್ಟಿಗೆ ನೋಡ್ತಾ ನಿಂತ. ಆ ರಟ್ಟಿನ ಕಾರ್ಡಲ್ಲಿ ತೂತು ಇದ್ದ ಕಡೆ ಹಾಸಿನ ದಾರ ಮೇಲೇಳುತ್ತೆ, ಇಲ್ಲದ ಕಡೆ ಕೆಳಗೇ ಇರುತ್ತೆ. ಒಂದು ಕಾರ್ಡಿಗೆ ಲಾಳಿ ಒಂದು ಸಲ ಓಡುತ್ತೆ. 320 ಕಾರ್ಡ್ ತಿರುಗಿದ್ರೆ ಅಂಚಿನಲ್ಲಿ ಒಂದು ಮಾವಿನಕಾಯಿ. ಫ್ರಾನ್ಸ್‌ನ ಜಕಾರ್ಡ್ 1804ರಲ್ಲಿ ಮಾಡಿದ ಯಂತ್ರ ಇದು. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಕಾರ್ಡಿನ ಐಡಿಯಾ ತಗೊಂಡಿದ್ದು ಇಲ್ಲಿಂದಲೇ. "ಇದು ಪ್ರೋಗ್ರಾಂ ಕಣೇ!" ಅಂತ ನನ್ನ ಹತ್ರ ಕೂಗಾಡಿದ. ಚಿಕ್ಕಂದಿನಿಂದ ಅದರ ಕೆಳಗೇ ಊಟ ಮಾಡಿ ಬೆಳೆದ ನನಗೆ ಯಾರೂ ಹೇಳಿರಲಿಲ್ಲ. ಹೇಳೋದಕ್ಕೆ ಅಲ್ಲಿ ಯಾರಿಗೆ ಗೊತ್ತಿತ್ತು?

ಮೂರನೇ ದಿನ ಕಾರ್ಡಿನ ದಾರ ಕಿತ್ತುಹೋಯ್ತು. ನಾನು ಹೊಲೀತೀನಿ ಅಂದ. ಹೊಲಿದ. ಎಂಟು ಕಾರ್ಡಿನ ಒಂದು ತುಂಡನ್ನ ತಲೆಕೆಳಗು ಮಾಡಿ ಸೇರಿಸಿದ್ದ. ದೊಡ್ಡಪ್ಪನ ಮಗ್ಗದಲ್ಲಿ ಡಿಸೈನಿನ ಮುಖ ಕೆಳಗಿರುತ್ತೆ, ನೇಯೋರಿಗೆ ಕಾಣೋದು ಹಿಂಭಾಗ. ಮಾರನೇ ದಿನ ಸಂಜೆ ಕನ್ನಡಿ ಹಿಡಿದು ನೋಡಿದ್ರೆ ಹದಿನೈದು ಮಾವಿನಕಾಯಿಗೂ ಒಂದೇ ಜಾಗದಲ್ಲಿ ಹಲ್ಲು ಮುರಿದಿದೆ. ಬಿಚ್ಚಿದ್ರೆ ಹಾಸು ಸವೆಯುತ್ತೆ, ಬಿಚ್ಚೋ ಹಾಗಿಲ್ಲ. (ಎರಡನೇ ಫೋಟೋ. ಝೂಮ್ ಮಾಡಿದ್ರೆ ಮಾತ್ರ ಕಾಣುತ್ತೆ. ವ್ಯಾಪಾರಿಗೆ ಝೂಮ್ ಬೇಕಾಗಿಲ್ಲ.)

ಸೀರೆ 1,800 ರೂಪಾಯಿ ಕಡಿಮೆಗೆ ಹೋಯ್ತು. ಇವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ದೊಡ್ಡಪ್ಪನ ಲೆಕ್ಕದ ಪುಸ್ತಕ ಬರೆಯೋದು ನಾನು. ಬಿಕಾಂ ಓದಿರೋರಿಗೆ ನೆನಪಿರುತ್ತೆ, ಪ್ರೋಸೆಸ್ ಕಾಸ್ಟಿಂಗಲ್ಲಿ ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ಅಂತ ಎರಡು. ಕೆಲಸದಲ್ಲಿ ಆಗೇ ಆಗೋ ನಷ್ಟ ಚೆನ್ನಾಗಿ ಬಂದ ಮಾಲಿನ ಬೆಲೆಯಲ್ಲೇ ಸೇರಿಹೋಗುತ್ತೆ. ಆಗಬಾರದಾಗಿದ್ದ ನಷ್ಟಕ್ಕೆ ಬೇರೆ ಖಾತೆ. ಈ 1,800 ಯಾವುದಕ್ಕೆ? ಪರೀಕ್ಷೆಯಲ್ಲಿ ಆಗಿದ್ರೆ ಕಣ್ಣುಮುಚ್ಚಿ ಅಬ್‌ನಾರ್ಮಲ್ ಅಂತ ಬರೀತಿದ್ದೆ. ದೊಡ್ಡಪ್ಪನ್ನ ಕೇಳಿದೆ.

"ಅಯ್ಯೋ ಬುಡವ್ವ, ಕೈ ಕಲೀಬೇಕಾದ್ರೆ ನೂಲು ಹೋಯ್ತದೆ. ಮನೆ ಖರ್ಚಿಗೆ ಬರ್ಕೊ."

ಬರೆದೆ. ಆದರೆ ಆ ತಿಂಗಳು ಅವರು ಸೊಂಟದ ಔಷಧಿ ಅರ್ಧಕ್ಕೆ ನಿಲ್ಲಿಸಿದ್ದೂ ನನಗೆ ಗೊತ್ತು. ಅತ್ತೆ ಮಗನಿಗೆ ಇನ್ನೂ ಹೇಳಿಲ್ಲ. ಈ ಕ್ಯಾಪ್ಶನ್ ಓದಿದ್ರೆ ಗೊತ್ತಾಗುತ್ತೆ, ಆಗಲಿ.

ಹನೂರಿನ ನನ್ನ ಫ್ರೆಂಡ್ ಒಬ್ಬಳು ಎಲೆಕ್ಟ್ರಿಕಲ್ ಓದ್ತಿದಾಳೆ. ಅವಳೂ ಇಂಥದ್ದೇ ಸರ್ಟಿಫಿಕೇಟ್ ಹುಡುಕ್ತಿದಾಳೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಕರೆಂಟ್ ಕಳಿಸಿದ ಶಿವನಸಮುದ್ರ ನಮ್ಮ ಪಕ್ಕದಲ್ಲೇ ಇದೆ. ನಾವು ಅಲ್ಲಿಗೆ ಹೋಗೋದು ಜಲಪಾತದ ರೀಲ್ಸ್‌ಗೆ. ನಾನೂ ಹೋಗಿದೀನಿ, ಪ್ರೊಫೈಲಲ್ಲಿ ಇದೆ, ನಗಬೇಡಿ.

ಅತ್ತೆ ಮಗ ಆಮೇಲೆ ಎರಡು ಭಾನುವಾರ ಬೆಳಗ್ಗೆ ಬಸ್ಸಲ್ಲಿ ಬಂದ. 320 ಕಾರ್ಡನ್ನೂ ಒರೆಸಿ, ಹಳೆ ನಂಬರ್ ಅಳಿಸಿಹೋದ ಕಡೆ ಮಾರ್ಕರಲ್ಲಿ ಹೊಸ ನಂಬರ್ ಬರೆದ. ತಲೆ ಯಾವ ಕಡೆ ಅಂತ ಗೊತ್ತಾಗಲಿ ಅಂತ ಪ್ರತಿ ಕಾರ್ಡಿನ ಎಡ ಮೂಲೆಗೆ ಕೆಂಪು ಚುಕ್ಕಿ ಇಟ್ಟ. ಕೊನೆ ಫೋಟೋ ಅದೇ.

ಇದನ್ನೇ ಇಂಟರ್ನ್‌ಶಿಪ್ ಅಂತ ತೋರಿಸೋಣ ಅಂತ ಕಾಲೇಜಿನ ಫಾರಂ ತಂದಿದಾನೆ. ದೊಡ್ಡಪ್ಪ ಕನ್ನಡದಲ್ಲಿ ನಿಧಾನಕ್ಕೆ ಸಹಿ ಹಾಕಿದ್ರು. ಅದರ ಕೆಳಗೆ ಸಂಸ್ಥೆಯ ಸೀಲು ಅಂತ ಒಂದು ಚೌಕ ಖಾಲಿ ಇದೆ. ಸೋಮವಾರ ಹಾಗೇ ಕೊಡ್ತಾನಂತೆ.